ಅಕ್ಕಿ ಹೆಚ್ಚಾಗಿದೆ, ಹುಣಸೆ ಅಷ್ಟಕ್ಕಷ್ಟೆ

ಇಂದ:
ವೈಜನಾಥ, ನಿವೃತ್ತ ಹೆಡ್ ಕ್ಲಾರ್ಕ್,
ಹಾಲಿ ಹುದ್ದೆ: ಕಿರಾಣಿ ಚೀಲ ಹೊರುವವನು,
ಮುಂದಿನ ಪಡಸಾಲೆಯ ಬೆತ್ತದ ಕುರ್ಚಿ, ಸ್ವಂತ ಮನೆ,
ನಾರಾಯಣಗೂಡ, ಹೈದರಾಬಾದ್.

ಗೆ:
ಶ್ರೀಮತಿ ಕೃಪಾ ಶಿವಪ್ರಕಾಶ,
ನನ್ನ ಸೊಸೆ ಹಾಗೂ ವಾರದ ಕಿರಾಣಿ ಬಜೆಟ್ಟಿನ ಮಂಜೂರಾತಿ ಅಧಿಕಾರಿಗಳು,
ಹಗಲಿಗೆ ಮಾದಾಪುರದ ಸಾಫ್ಟ್‌ವೇರ್ ಕಂಪನಿ, ಉಳಿದ ವೇಳೆಗೆ ಇದೇ ಮನೆಯ ಮೇಲಿನ ಕೋಣೆ.

ಮುಖಾಂತರ: ತಮ್ಮ ಲ್ಯಾಪ್‌ಟಾಪ್ ಚೀಲದ ಹೊರಜೇಬು.

ದಿನಾಂಕ: ೧೦ ಆಗಸ್ಟ್ ೨೦೦೬, ಗುರುವಾರ.

ವಿಷಯ: ಅಡುಗೆಮನೆಯ ದಾಸ್ತಾನು ವರದಿಯಲ್ಲಿ ಎರಡು ಮಾತುಗಳು ತಲೆಕೆಳಗಾಗಿ ದಾಖಲಾಗಿರುವ ಬಗ್ಗೆ, ಹಾಗೂ ಆ ಕಾರಣದಿಂದ ನನ್ನ ಹೆಂಡತಿ ಬರುವ ಭಾನುವಾರ ಮನೆ ಬಿಟ್ಟು ಹೊರಟಿರುವುದನ್ನು ತಡೆಯುವ ಬಗ್ಗೆ.

ಉಲ್ಲೇಖ: ೧) ಕಳೆದ ಶನಿವಾರದ ತಮ್ಮ ಮುದ್ರಿತ ಪಟ್ಟಿ. ೨) ಅದೇ ಶನಿವಾರ ನಾನು ಪೇಪರಿನ ಮರೆಯಿಂದ ಕಿವಿಯಾರೆ ಕೇಳಿದ್ದು. ೩) ಸೋಮವಾರ ನನ್ನ ಹೆಂಡತಿ ನನ್ನ ಮೇಲೆ ಹಾಕಿದ ಆಣೆ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇದನ್ನು ನಾನು ಬಾಯಲ್ಲೇ ಹೇಳಬಹುದಿತ್ತು. ತಾವು ಕ್ಯಾಬ್ ಇಳಿದು ಬಂದು ಚಪ್ಪಲಿ ಬಿಡುವ ಜಾಗ ನನ್ನ ಕುರ್ಚಿಯಿಂದ ಕೈಯಳತೆಯಲ್ಲೇ ಇದೆ. ಆದರೆ ತಮ್ಮ ಅತ್ತೆಯಾದ ಸಾವಿತ್ರಿಬಾಯಿಯು ಸೋಮವಾರ ನನ್ನ ಕೈ ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡು, "ಈ ಮಾತು ಆಕಿ ಮುಂದ ನೀವು ಬಾಯಿ ಬಿಟ್ಟು ಹೇಳಿದ್ರ ನನ್ನ ಆಣಿ ಅದ" ಎಂದಿದ್ದಾಳೆ. ಸದರಿ ಆಣೆಯ ಪಠ್ಯವನ್ನು ನಾನು ಕೂಲಂಕಷವಾಗಿ ಪರಿಶೀಲಿಸಿದ್ದೇನೆ. ಅದರಲ್ಲಿ ಬಾಯಿ ಎಂದಿದೆ. ಕಾಗದ ಎಂದಿಲ್ಲ, ಪೆನ್ನು ಎಂದಿಲ್ಲ. ಬೇಗಂಪೇಟೆಯ ಒಂದು ಕಚೇರಿಯಲ್ಲಿ ಇಡೀ ನೌಕರಿಯನ್ನು ನಿಯಮಗಳ ಸಂದಿಯಲ್ಲೇ ಕಳೆದವನಿಗೆ ಇಷ್ಟು ಸಂದಿ ಧಾರಾಳವಾಯಿತು. ಕಾರಣ ಈ ಅರ್ಜಿ.

೧. ನಮ್ಮ ಮನೆಯಲ್ಲಿ ಹೊತ್ತಿಗೆ ಹನ್ನೊಂದು ತಾಟು ಬೀಳುತ್ತವೆ ಎಂಬುದು ತಮಗೆ ತಿಳಿದ ಸಂಗತಿ. ನನ್ನ ತಾಯಿ ಗದಿಗೆಮ್ಮ, ಹಲ್ಲಿಲ್ಲದ ಕಾರಣ ಮೆತ್ತನೆಯ ಅನ್ನವೇ ಆಗಬೇಕು. ನಾವಿಬ್ಬರು. ತಾವು, ತಮ್ಮ ಪತಿ ಹಾಗೂ ನನ್ನ ಹಿರಿಯ ಮಗನಾದ ಶಿವಪ್ರಕಾಶ, ತಮ್ಮ ಮಗಳು ಪೂರ್ವಿ. ಮದುವೆಯಾಗದ ನನ್ನ ಕಿರಿಯ ಗಂಡುಮಕ್ಕಳಿಬ್ಬರು. ಇವರು ವ್ಯಾಪಾರ ಮಾಡುತ್ತಾರೆ, ಯಾವ ವ್ಯಾಪಾರ ಎಂಬುದು ಅವರಿಗೂ ಇನ್ನೂ ಖಚಿತವಾಗಿಲ್ಲ. ಕೊನೆಗೆ, ಇಲ್ಲಿನ ಕೋಚಿಂಗ್ ಸೆಂಟರಿಗೆಂದು ಬಂದು ಬೇರು ಬಿಟ್ಟಿರುವ ನನ್ನ ತಂಗಿಯ ಮಕ್ಕಳು ಮೂವರು. ಗಣಿತದಲ್ಲಿ ಇವರ ಸ್ಥಾನ ಎಷ್ಟನೆಯದೋ ತಿಳಿಯದು. ರೊಟ್ಟಿಯಲ್ಲಿ ಮೂವರೂ ರ‍್ಯಾಂಕ್ ಬಂದಿದ್ದಾರೆ.

೨. ತಾವು ಈ ಮನೆಯ ಕಿರಾಣಿ ಖರ್ಚನ್ನು ಕೈಗೆತ್ತಿಕೊಂಡದ್ದಕ್ಕೆ ನನ್ನ ಯಾವ ತಕರಾರೂ ಇಲ್ಲ, ಉಲಟಾ ಖುಷಿಯಿದೆ. ಮೊದಲು ಎಲ್ಲವೂ ಮೂಲೆಯ ಜನಾರ್ದನನ ಅಂಗಡಿಯಲ್ಲಿ ತಿಂಗಳ ಖಾತೆಗೆ ಬರುತ್ತಿತ್ತು. ತಿಂಗಳ ಕೊನೆಗೆ ನಾನು ಅವನ ಅಂಗಡಿ ತಪ್ಪಿಸಲು ಹಿಂದಿನ ಗಲ್ಲಿ ಹಿಡಿದು ಪಾರ್ಕಿಗೆ ಹೋಗುತ್ತಿದ್ದೆ. ಈಗ ಮಿಯಾಪುರದಲ್ಲಿ ಫ್ಲಾಟ್ ಬುಕ್ ಆಗಿದೆ, ಶಿವಪ್ರಕಾಶನ ಸಂಬಳ ಬಂದ ದಿನವೇ ಕಂತಿಗೆ ಹೋಗುತ್ತದೆ, ಆದ್ದರಿಂದ ವಾರಕ್ಕೆ ಇಷ್ಟೇ ಎಂದು ತಾವು ಲಕೋಟೆಯಲ್ಲಿ ಹಾಕಿ ಕೊಡುವುದು ನ್ಯಾಯವೇ ಆಗಿದೆ. ಜನಾರ್ದನ ಈಗ ನನಗೆ ಸ್ಟೂಲ್ ಹಾಕಿ ಕೂಡಿಸುತ್ತಾನೆ. ಮುಖ್ಯ ರಸ್ತೆಯಲ್ಲೇ ತಲೆಯೆತ್ತಿ ನಡೆಯುತ್ತೇನೆ.

೩. ತಮ್ಮ ಪದ್ಧತಿ ಹೀಗಿದೆ. ಶನಿವಾರ ಸಂಜೆ ತಾವು ಊಟದ ಮೇಜಿಗೆ ಲ್ಯಾಪ್‌ಟಾಪ್ ತೆರೆದು ಕೂಡುತ್ತೀರಿ. ತಮ್ಮ ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನಿಲ್ಲುತ್ತಾಳೆ. ತಾವು ಒಂದೊಂದೇ ಸಾಮಾನಿನ ಹೆಸರು ಹೇಳುತ್ತೀರಿ, ಆಕೆ ಅದರ ಸ್ಥಿತಿ ಹೇಳುತ್ತಾಳೆ, ತಾವು ಹೆಚ್ಚು, ಸರಿ, ಕಡಿಮೆ ಎಂಬ ಮೂರು ಕಾಲಮ್ಮುಗಳಲ್ಲಿ ಒಂದಕ್ಕೆ ಹಾಕುತ್ತೀರಿ. ಹೆಚ್ಚಿಗೆ ಬಿದ್ದದ್ದನ್ನು ಆ ವಾರ ಕೊಳ್ಳತಕ್ಕದ್ದಲ್ಲ. ಕಡಿಮೆಗೆ ಬಿದ್ದದ್ದನ್ನು ಹಿಂದಿನ ವಾರದ ದುಪ್ಪಟ್ಟು ಕೊಳ್ಳತಕ್ಕದ್ದು. ಭಾನುವಾರ ಬೆಳಿಗ್ಗೆ ಮುದ್ರಿತ ಪಟ್ಟಿ ನನ್ನ ಕೈಗೆ ಬರುತ್ತದೆ. ಈ ವಿಚಾರಣೆ ನಡೆಯುವ ಹೊತ್ತಿಗೆ ನಾನು ಪಾರ್ಕಿನ ಬೆಂಚಿನ ಮೇಲೆ ಇತರ ಪಿಂಚಣಿದಾರರ ಜತೆ ದೇಶದ ಆರ್ಥಿಕ ನೀತಿ ಸರಿಪಡಿಸುತ್ತಿರುತ್ತೇನೆ, ಆದ್ದರಿಂದ ಮನೆಯ ಆರ್ಥಿಕ ನೀತಿ ನನಗೆ ಗೊತ್ತಿರಲಿಲ್ಲ.

ಇಲ್ಲಿಯೇ ಒಂದು ಉಪ-ಸಂಗತಿ. ತಾವು ಅಡುಗೆಮನೆಯೊಳಗೆ ಕಾಲಿಟ್ಟು ಡಬ್ಬಿ ತೆರೆದು ನೋಡುವುದಿಲ್ಲ, ಏಕೆಂದರೆ ತಮ್ಮ ಅತ್ತೆ ಬಿಡುವುದಿಲ್ಲ. ನಾವು ರೊಟ್ಟಿಯ ಊರಿನವರು, ತಾವು ಕರಾವಳಿಯ ಮೀನಿನ ಊರಿನವರು, ಅದಕ್ಕೇ ಬಿಡುವುದಿಲ್ಲ ಎಂದು ತಾವು ತಿಳಿದಿರುವಂತೆ ಶಿವಪ್ರಕಾಶನ ಮುಖಾಂತರ ಗೊತ್ತಾಗಿದೆ. ತಪ್ಪು ತಿಳುವಳಿಕೆ. ಇಡೀ ದಿನ ಕೂತು ಕಣ್ಣು ಸುಟ್ಟುಕೊಂಡು ಬಂದ ಕೂಸು ಮತ್ತೆ ಒಲೆಯ ಮುಂದೆ ನಿಲ್ಲಬಾರದು ಎಂಬುದು ಆಕೆಯ ಹಟ. ಆಕೆ ತನ್ನ ಪ್ರೀತಿಯನ್ನು ಬೈದಂತೆ ತೋರಿಸುತ್ತಾಳೆ. ನನಗೆ ಇದು ತಿಳಿಯಲು ಸುಮಾರು ವರ್ಷ ಹಿಡಿಯಿತು, ಆದ್ದರಿಂದ ತಮ್ಮನ್ನು ದೂರುವಂತಿಲ್ಲ.

೪. ಈಗ ಪರಿಣಾಮಗಳು. ತಮ್ಮ ಪದ್ಧತಿ ಶುರುವಾದ ಎರಡನೆಯ ವಾರ ಪಟ್ಟಿಯಿಂದ ಎಣ್ಣೆ ಮಾಯವಾಯಿತು. ನಾನು ಕೇಳಲಿಲ್ಲ. ಇಂಡೆಂಟ್ ಬಂದರೆ ಸಾಮಾನು ತರುವುದು ನಮ್ಮ ವಿಭಾಗದ ಕೆಲಸ, ಪ್ರಶ್ನೆ ಕೇಳುವುದು ಆಡಿಟ್‌ನವರ ಕೆಲಸ. ಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ಬದನೆಕಾಯಿ ಬೆಂದು ಬಂತು, ಹೀರೆಕಾಯಿ ಬೆಂದು ಬಂತು. ಶಿವಪ್ರಕಾಶ ತೆಳ್ಳಗಾಗಿದ್ದಾನೆಂದು ಆಫೀಸಿನವರು ಹೊಗಳಿದರಂತೆ, ಅದು ತನ್ನ ಮನೋಬಲ ಎಂದು ಅವನು ಹೇಳಿಕೊಂಡು ತಿರುಗಿದ.

ಮುಂದಿನ ವಾರ ಬೆಲ್ಲ ಹೋಯಿತು. ಅದರ ಬೆನ್ನಿಗೇ ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಎಂದರೆ ಉಂಡಿ: ಎಳ್ಳಿನುಂಡಿ, ಶೇಂಗಾದುಂಡಿ, ತಂಬಿಟ್ಟಿನುಂಡಿ. ಡಬ್ಬಿ ತುಂಬ ಮಾಡಿ ಓಣಿಗೆಲ್ಲ ಹಂಚುವವಳು ಈ ಸಲ ಎಲ್ಲರ ಕೈಗೂ ಒಂದೊಂದು ಹಿಡಿ ಜೋಳದ ಅರಳು ಹಾಕಿ ಒಳಗೆ ಹೋಗಿಬಿಟ್ಟಳು. ಅಜ್ಜಿಗೆ ಸಕ್ಕರೆ ಕಾಯಿಲೆ, ಹಬ್ಬದಲ್ಲೂ ಎಷ್ಟು ಕಾಳಜಿ ನೋಡಿ ಎಂದು ನಾವೆಲ್ಲ ಮೆಚ್ಚಿ ಮಾತಾಡಿದೆವು.

ಆಮೇಲೆ ಅಕ್ಕಿ ಹೋಯಿತು, ಜೋಳ ಹೋಯಿತು. ಆದರೂ ಅನ್ನ ರೊಟ್ಟಿ ತಾಟಿಗೆ ಬರುತ್ತಲೇ ಇದ್ದವು, ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಹಬ್ಬ ಹುಣ್ಣಿಮೆಗೆಂದು ಎತ್ತಿಟ್ಟದ್ದನ್ನು ಆಕೆ ಇಳಿಸಿಕೊಂಡಿದ್ದಳು. ರೊಟ್ಟಿ ಮಾತ್ರ ದಿನೇ ದಿನೇ ತೆಳ್ಳಗಾದವು. ಅದರ ಆಚೆ ಹಿಡಿದ ಪೇಪರಿನ ತಲೆಬರಹ ಓದಬಹುದಿತ್ತು.

ಇದೇ ಅವಧಿಯಲ್ಲಿ ಪಟ್ಟಿಯಲ್ಲಿ ಹುಣಸೆಹಣ್ಣು ಬೆಳೆಯುತ್ತ ಹೋಯಿತು. ಅರ್ಧ ಕಿಲೋ ಇದ್ದದ್ದು ಒಂದಾಯಿತು, ಎರಡಾಯಿತು, ನಾಲ್ಕಾಯಿತು. ಅದರ ಜತೆಗೆ ಮೆಂತ್ಯ. ಗಡಿಗೆಗಳು ತುಂಬಿದ ಮೇಲೆ ಹುಣಸೆ ಅಟ್ಟಕ್ಕೆ ಹೋಯಿತು, ಅಟ್ಟದಿಂದ ನನ್ನ ಮಂಚದ ಕೆಳಗೆ ಬಂತು. ಜನಾರ್ದನನು ತೂಕ ಹಾಕುತ್ತ, "ಏಮಂಡಿ, ಹೋಟೆಲ್ ಪೆಟ್ಟಾರಾ?" ಎಂದ, ಅಂದರೆ ಹೋಟೆಲ್ ಇಟ್ಟಿರಾ ಎಂದು. ಹುಣಸೆಗೆ ತೆಲುಗಿನಲ್ಲಿ ಚಿಂತಪಂಡು ಎನ್ನುತ್ತಾರೆ. ನಾಲ್ಕು ಕಿಲೋ ಚಿಂತೆಯನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದೆ. ಏಕೆ ಇಷ್ಟು ಎಂದು ಆಗಲೂ ಕೇಳಲಿಲ್ಲ. ಕಂಪ್ಯೂಟರಿನಿಂದ ಬಂದ ಪಟ್ಟಿ, ಅದರಲ್ಲಿ ಏನೋ ಒಳಗುಟ್ಟು ಇರಬೇಕು ಎಂದುಕೊಂಡೆ.

೫. ಕಳೆದ ಶುಕ್ರವಾರ ಮಧ್ಯಾಹ್ನ, ಎಲ್ಲರ ಊಟ ಮುಗಿದು ಮನೆ ಮಲಗಿದ್ದಾಗ, ಎಲೆ ಅಡಿಕೆಗೆ ಸುಣ್ಣ ಹುಡುಕುತ್ತ ನಾನು ಅಡುಗೆಮನೆಗೆ ಹೋದೆ. ಆಕೆ ಬಾಗಿಲಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತು ಉಣ್ಣುತ್ತಿದ್ದಳು. ತಮಗೆ ಗೊತ್ತು, ಆಕೆ ಯಾವಾಗಲೂ ಎಲ್ಲರ ಆಮೇಲೆ ಉಣ್ಣುವವಳು, ಯಾರ ಕಣ್ಣೆದುರೂ ಉಣ್ಣುವವಳಲ್ಲ. ತಾಟಿನಲ್ಲಿ ಒಣಗಿ ಗಟ್ಟಿಯಾದ ಅರ್ಧ ಕಟಿ ರೊಟ್ಟಿ ಇತ್ತು. ಹುಣಸೆ ಕಿವುಚಿದ ನೀರಿಗೆ ಉಪ್ಪು ಖಾರ ಹಾಕಿ ಅದರಲ್ಲಿ ನೆನೆಸಿಕೊಂಡಿದ್ದಳು. ಪಲ್ಯವಿಲ್ಲ, ಬೇಳೆಯಿಲ್ಲ, ಅನ್ನವಿಲ್ಲ. ಏನಿದು ಎಂದೆ. ನನಗೆ ಹುಳಿ ಉಣ್ಣಬೇಕು ಅನ್ನಿಸಿದೆ ಎಂದಳು. ಈ ವಯಸ್ಸಿನಲ್ಲಿ ಹುಳಿ ಬಯಕೆಯೇನು, ಸೊಸೆಗೆ ತಿಳಿಸಿ ಸೀಮಂತದ ತಯಾರಿ ಮಾಡಿಸಲೇ ಎಂದು ನಾನು ಚಾಷ್ಟಿ ಮಾಡಿದೆ. ಆಕೆ ನಗಲಿಲ್ಲ. ಅದು ಹೋಗಲಿ, ಬೈಯಲೂ ಇಲ್ಲ.

ಡಬ್ಬಿ ತೆರೆದೆ. ಅಕ್ಕಿಯ ಡಬ್ಬಿಯ ತಳ ಹೊಳೆಯುತ್ತಿತ್ತು. ಜೋಳದ ಹಿಟ್ಟಿನ ಡಬ್ಬಿ ತಟ್ಟಿದರೆ ಡಣ್ ಎಂದಿತು. ಒಲೆಯ ಪಕ್ಕ ಒಂದು ಬಟ್ಟಲಲ್ಲಿ ಮಾತ್ರ ಸ್ವಲ್ಪ ಹಿಟ್ಟು ಮುಚ್ಚಿಟ್ಟಿತ್ತು. ಇದನ್ನಾದರೂ ತಟ್ಟಿಕೊಂಡು ಉಣ್ಣಬಾರದೇ ಎಂದೆ.

"ಅದು ಕೃಪಾಂದು," ಎಂದಳು. "ರಾತ್ರಿ ಹಸದ ಬರ್ತಾಳ. ಬಿಸಿ ರೊಟ್ಟಿ ಇಲ್ಲಂದ್ರ ಆಕಿ ಅರ್ಧ ಹೊಟ್ಟಿಗೆ ಏಳ್ತಾಳ."

ನನಗೆ ದುಃಖವಾಯಿತು. ಇದನ್ನು ಕಚೇರಿ ಭಾಷೆಯಲ್ಲಿ ಹೇಗೆ ಬರೆಯಬೇಕೋ ತಿಳಿಯದ ಕಾರಣ ಹಾಗೆಯೇ ಬರೆದಿದ್ದೇನೆ.

ಚೀಲ ಹಿಡಿದು ಅಂಗಡಿಗೆ ಹೊರಟೆ. ಆಕೆ ಬಾಗಿಲಿಗೆ ಅಡ್ಡ ನಿಂತಳು. ಪಟ್ಟಿಯಲ್ಲಿಲ್ಲದ್ದು ತಂದರೆ ಸೊಸೆಯ ಲೆಕ್ಕ ಹದಗೆಡುತ್ತದೆ, ನಾಳೆ ಹೇಗೂ ಶನಿವಾರ, ನಾನೇ ಬಿಡಿಸಿ ಹೇಳುತ್ತೇನೆ ಎಂದಳು. ನಾನು ಚೀಲ ಇಳಿಸಿದೆ. ಅಲ್ಲಿಯವರೆಗೆ ಆಕೆ ಉಳಿದವರ ತಾಟಿಗೆ ರವೆ ಗಂಜಿ, ಅವಲಕ್ಕಿ ಹಾಕಿ ಹೊತ್ತು ತಳ್ಳಿದಳು.

೬. ಮರುದಿನ ಸಂಜೆ ದೇಶದ ಆರ್ಥಿಕ ನೀತಿಯನ್ನು ಅದರ ಪಾಡಿಗೆ ಬಿಟ್ಟು ನಾನು ಮನೆಯಲ್ಲೇ ಪೇಪರ್ ಹಿಡಿದು ಕೂತೆ. ತಾವು ಅಕ್ಕಿ ಎಂದಿರಿ. ಆಕೆ, "ಹೆಚ್ಚಾಗ್ಯಾವವ್ವ" ಎಂದಳು. ತಾವು ಜೋಳ ಎಂದಿರಿ. "ಅವೂ ಹೆಚ್ಚಾಗ್ಯಾವ. ಭಾಳ ಹೆಚ್ಚಾಗ್ಯಾವ" ಎಂದು ಒತ್ತಿ ಹೇಳಿದಳು, ಹೇಳಿ ತಮ್ಮ ಮುಖವನ್ನೇ ನೋಡಿದಳು. ತಾವು ಲ್ಯಾಪ್‌ಟಾಪಿನಿಂದ ತಲೆಯೆತ್ತಿ ನಕ್ಕಿರಿ.

"ನೀವು ಎಷ್ಟು ಚಂದ ಉಳಿಸ್ತೀರಿ ಅತ್ತೆ," ಎಂದಿರಿ. "ನನ್ನ ಅಮ್ಮನಿಗೆ ಇಷ್ಟು ಬರುವುದಿಲ್ಲ."

ತಾವು 'ಹೆಚ್ಚು' ಕಾಲಮ್ಮಿಗೆ ಹಾಕಿದಿರಿ. ಸದರಿ ಸಾವಿತ್ರಿಬಾಯಿಯ ಮುಖ ಆ ಹೊತ್ತಿಗೆ ಹೇಗಾಯಿತೆಂದು ನಾನು ನೋಡಿದೆ, ತಾವು ನೋಡಲಿಲ್ಲ, ಏಕೆಂದರೆ ತಾವು ಆಗಲೇ ಹುಣಸೆಗೆ ಬಂದಿದ್ದಿರಿ. ಹುಣಸೆ ಎಂದಿರಿ. ಆಕೆ ಸಣ್ಣ ದನಿಯಲ್ಲಿ, "ಏನೋ, ಅಷ್ಟಕ್ಕಷ್ಟ ಅದ" ಎಂದಳು. ತಾವು ಪಾಪ ಎಂಬಂತೆ ತಲೆಯಾಡಿಸಿ ಎಂಟು ಕಿಲೋ ಮಂಜೂರು ಮಾಡಿದಿರಿ.

೭. ಅಷ್ಟು ಹೊತ್ತಿಗೆ ನನ್ನ ಬುದ್ಧಿಗೆ ಬೆಳಕು ಬಿತ್ತು. ಮಾನ್ಯರೇ, ತಮ್ಮ ಊರಿನಲ್ಲಿ ಹೆಚ್ಚು ಎಂದರೆ ಹೆಚ್ಚು. ಅದು ತಮ್ಮ ಊರಿನ ತಪ್ಪಲ್ಲ. ನಮ್ಮ ಬೀದರ ಕಡೆಯ ಮನೆಗಳಲ್ಲಿ ಅಕ್ಕಿ, ಜೋಳ, ಎಣ್ಣೆ, ಬೆಲ್ಲ, ಉಪ್ಪು, ಅರಿಷಿಣ ತೀರಿದರೆ ತೀರಿತು ಎನ್ನುವುದಿಲ್ಲ. ಇಲ್ಲ ಎನ್ನುವುದಿಲ್ಲ. ಖಾಲಿ ಎಂದರಂತೂ ಹಿರಿಯರು ಬಾಯಿಗೆ ಬಡಿಯುತ್ತಿದ್ದರು. ಲಕ್ಷ್ಮಿಯ ಕಿವಿಗೆ ಬಿದ್ದರೆ ಆಕೆ ನಿಜವೆಂದು ತಿಳಿದು ಎದ್ದು ಹೋಗಿಬಿಡುತ್ತಾಳಂತೆ. ಅದಕ್ಕೇ ಹೆಚ್ಚಾಗಿದೆ ಎನ್ನುವುದು. ಬಳೆ ಒಡೆದರೂ ಹೆಚ್ಚಾಯಿತು ಎಂದೇ ಹೇಳುವುದು. ಕಾರಣ, ಎಣ್ಣೆ ಹೆಚ್ಚಾಗಿದೆ ಎಂದರೆ ಹನಿ ಇಲ್ಲ. ಭಾಳ ಹೆಚ್ಚಾಗಿದೆ ಎಂದರೆ ತಳ ಕೆರೆದಾಯಿತು, ಇವತ್ತೇ ತರಿಸಬೇಕು.

ಇದರ ಉಲಟಾ ಇನ್ನೊಂದು. ಮನೆಯಲ್ಲಿ ಏನಾದರೂ ತುಂಬಿ ತುಳುಕುತ್ತಿದ್ದರೆ ಅದನ್ನೂ ಬಾಯಿ ಬಿಟ್ಟು ಹೇಳುವಂತಿಲ್ಲ, ದೃಷ್ಟಿ ಆಗುತ್ತದೆ. ಅಷ್ಟಕ್ಕಷ್ಟೆ ಎನ್ನಬೇಕು. ಆದ್ದರಿಂದ ಹುಣಸೆ ಅಷ್ಟಕ್ಕಷ್ಟೆ ಎಂದು ಆಕೆ ಹೇಳಿದಾಗ ಅದು ಆಕೆಯ ತಲೆಯ ಮೇಲೆಯೇ ಇತ್ತು, ಅಂದರೆ ಅಟ್ಟದಲ್ಲಿ. ತಾವು ದುಪ್ಪಟ್ಟು ಮಾಡಿದಷ್ಟೂ ಆಕೆ ಇನ್ನಷ್ಟು ಸಣ್ಣ ದನಿಯಲ್ಲಿ ಅಷ್ಟಕ್ಕಷ್ಟೆ ಎಂದಳು, ಆಕೆಯ ದನಿ ಸಣ್ಣದಾದಷ್ಟೂ ತಾವು ಮರುಗಿ ಇನ್ನಷ್ಟು ಬರೆದಿರಿ. ಹೀಗೆ ಲಕೋಟೆಯ ದುಡ್ಡೂ ಉಳಿಯಲಿಲ್ಲ, ಊಟವೂ ಉಳಿಯಲಿಲ್ಲ. ತಮ್ಮ ಲ್ಯಾಪ್‌ಟಾಪ್ ಲೆಕ್ಕ ತಪ್ಪಿಲ್ಲ, ಅದಕ್ಕೆ ನಮ್ಮ ಮನೆಯ ಮಾತು ಬರುವುದಿಲ್ಲ ಅಷ್ಟೆ.

೮. ಹಾಗಾದರೆ ಸದರಿ ಅತ್ತೆಯು ಅಕ್ಕಿ ತರಬೇಕು ಎಂದು ನೆಟ್ಟಗೆ ಏಕೆ ಹೇಳಲಿಲ್ಲ ಎಂದು ತಾವು ಕೇಳಬಹುದು. ಆ ಶನಿವಾರ ರಾತ್ರಿಯೇ ನಾನೂ ಕೇಳಿದೆ. ತರಬೇಕು ಎಂದರೆ ಬೇಡಿದಂತೆ, ಸೊಸೆಯ ಮುಂದೆ ಕೈ ಒಡ್ಡಲಾರೆ ಎಂದಳು. ಎರಡು ಸಲ ಹೆಚ್ಚಾಗಿದೆ ಎಂದು ಹೇಳಿದ ಮೇಲೂ ತಿಳಿಯದಿದ್ದರೆ ಅದು ತಿಳಿಯದೇ ಇದ್ದದ್ದಲ್ಲ, ಬೇಕಂತಲೇ ಎಂದಳು. ಆಕೆಯ ಎಣಿಕೆಯಲ್ಲಿ ನಡೆದದ್ದು ಇಷ್ಟು: ಮನೆಯಲ್ಲಿ ಅಕ್ಕಿ ತೀರಿತೆಂದು ಆಕೆ ಹೇಳಿದಳು, ಸೊಸೆ ನಕ್ಕು ಎಷ್ಟು ಚಂದ ಉಳಿಸುತ್ತೀರಿ ಎಂದಳು. ಇದಕ್ಕಿಂತ ಮುಖಕ್ಕೆ ಹೊಡೆದಿದ್ದರೆ ವಾಸಿಯಿತ್ತು ಎಂದು ಆಕೆ ಅತ್ತಳು. ನಾನು ಆ ಪದದ ವ್ಯತ್ಯಾಸವನ್ನು ಬಿಡಿಸಿ ಹೇಳಿದೆ. ಆಕೆ ನಂಬಲಿಲ್ಲ. ಹೆಚ್ಚಾಗಿದೆ ಎಂದರೆ ಏನೆಂದು ತಿಳಿಯದ ಕನ್ನಡದವರೂ ಇರುತ್ತಾರೆಯೇ, ಸೊಸೆಯ ಪರವಾಗಿ ಕತೆ ಕಟ್ಟಬೇಡಿ ಎಂದಳು.

ಇತ್ತ ತಾವು ಅದೇ ರಾತ್ರಿ ಶಿವಪ್ರಕಾಶನ ಮುಂದೆ, ಅತ್ತೆ ನನ್ನ ಪದ್ಧತಿಗೆ ಇಷ್ಟು ಸಹಕಾರ ಕೊಡುತ್ತಾರೆಂದು ಅಂದುಕೊಂಡಿರಲೇ ಇಲ್ಲ, ಮದುವೆಯಾಗಿ ಬಂದ ಮೇಲೆ ಮೊದಲ ಸಲ ನನ್ನನ್ನು ಮನೆಯವಳೆಂದು ಒಪ್ಪಿಕೊಂಡಂತೆ ಅನ್ನಿಸಿತು ಎಂದದ್ದು ಮೆಟ್ಟಿಲ ಮೇಲಿಂದ ನನಗೆ ಕೇಳಿಸಿದೆ. ನಾನು ಕದ್ದು ಕೇಳಲಿಲ್ಲ. ತಮ್ಮ ಪತಿಗೆ ಕೋಣೆಯ ಬಾಗಿಲು ಮುಚ್ಚುವ ಅಭ್ಯಾಸವಿಲ್ಲ.

ಒಬ್ಬಳು ಅಡುಗೆಮನೆಯಲ್ಲಿ ಅಳುತ್ತಾಳೆ, ಇನ್ನೊಬ್ಬಳು ಮಹಡಿಯಲ್ಲಿ ಸಂತೋಷ ಪಡುತ್ತಾಳೆ, ಎರಡಕ್ಕೂ ಒಂದೇ ಮಾತು ಕಾರಣ. ನಡುವೆ ಕುರ್ಚಿಯಲ್ಲಿ ಕೂತ ನಾನು ಯಾವ ಕಡೆಗೆ ಮುಖ ಮಾಡಬೇಕೆಂದು ತಿಳಿಯದೆ ಪೇಪರ್ ಓದಿದ್ದೇನೆ.

೯. ಭಾನುವಾರ ನಾನು ತಮ್ಮ ಪಟ್ಟಿಯನ್ನು ಉಲ್ಲಂಘಿಸಿ ಪಿಂಚಣಿಯಿಂದ ಅಕ್ಕಿ, ಜೋಳ ತಂದಿರುತ್ತೇನೆ. ಎಂಟು ಕಿಲೋ ಹುಣಸೆ ತಂದಿರುವುದಿಲ್ಲ. ಇದಕ್ಕಾಗಿ ಶಿಸ್ತುಕ್ರಮ ಜರುಗಿಸುವುದಾದರೆ ಸಿದ್ಧನಿದ್ದೇನೆ. ಆದರೆ ಅದರಿಂದ ಕೆಲಸವಾಗಲಿಲ್ಲ. ಆ ಅಕ್ಕಿ ಜೋಳವನ್ನು ಆಕೆ ಎಲ್ಲರಿಗೂ ಬೇಯಿಸಿ ಬಡಿಸುತ್ತಾಳೆ, ತಾನು ಮುಟ್ಟುವುದಿಲ್ಲ. ಸೊಸೆಯ ಲೆಕ್ಕದಲ್ಲಿ ಇಲ್ಲದ್ದು ತನ್ನ ಗಂಟಲಲ್ಲಿ ಇಳಿಯುವುದಿಲ್ಲವಂತೆ. ಐದು ದಿನದಿಂದ ಮಜ್ಜಿಗೆ ಮತ್ತು ಹುಣಸೆ ನೀರಿನ ಮೇಲಿದ್ದಾಳೆ. ನಾನು ಬೈದು ನೋಡಿದೆ, ಬೇಡಿ ನೋಡಿದೆ. ನಾನೂ ಉಣ್ಣುವುದಿಲ್ಲ ಎಂದು ಒಂದು ಹೊತ್ತು ಹಟ ಮಾಡಿ ನೋಡಿದೆ. ನನಗೆ ಹಸಿವಾಯಿತು. ಆಕೆಯೇ ಕರೆದು ಬಡಿಸಿದಳು.

೧೦. ಸೋಮವಾರ ಆಕೆ ನನಗೆ ಬೀದರಿನ ಬಸ್ಸಿಗೆ ಟಿಕೆಟ್ ಮಾಡಿಸಿಕೊಂಡು ಬರಲು ಹೇಳಿದಳು, ಅಲ್ಲಿರುವ ತನ್ನ ತಮ್ಮನ ಮನೆಗೆ. ಬಸ್ ಸ್ಟ್ಯಾಂಡ್ ಇಮ್ಲಿಬನ್ನಿನಲ್ಲಿದೆ. ಇಮ್ಲಿಬನ್ ಎಂದರೆ ಹುಣಸೆಯ ತೋಪು. ಈ ಹುಣಸೆ ನಮ್ಮ ಮನೆಯ ಬೆನ್ನು ಬಿಡುವಂತೆ ಕಾಣುವುದಿಲ್ಲ. ತಿರುಗಿ ಬರುವ ಟಿಕೆಟ್ ಯಾವ ದಿನದ್ದು ಎಂದು ಕೇಳಿದೆ. ಬೇಡ ಎಂದಳು.

"ಒಂದು ಹೊಟ್ಟಿ ಕಡಿಮಿ ಆದ್ರ ಆಕಿ ಲೆಕ್ಕ ಕೂಡ್ತದ," ಎಂದಳು. "ನಾ ಹೋಗ್ತೀನಿ."

ಆಕೆ ನನ್ನ ಮೇಲೆ ಆಣೆ ಹಾಕಿದ್ದು ಆಮೇಲೆ. ಮಾನ್ಯರೇ, ಈ ಮಾತನ್ನು ತಾವು ದಯಮಾಡಿ ಲಕ್ಷ್ಯವಿಟ್ಟು ಓದಬೇಕು. ನಮ್ಮಲ್ಲಿ ಮನೆಯಿಂದ ಹೊರಡುವವರು ಹೋಗ್ತೀನಿ ಎನ್ನುವುದಿಲ್ಲ. ಬರ್ತೀನಿ ಎನ್ನುತ್ತಾರೆ. ಮೂಲೆಯ ಅಂಗಡಿಗೆ ಕೊತ್ತಂಬರಿ ತರಲು ಹೋಗುವಾಗಲೂ ಆಕೆ ಹೊಸ್ತಿಲಲ್ಲಿ ನಿಂತು ಬರ್ತೀನಿ ಎಂದೇ ಹೋಗುವವಳು. ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಗೆ ಒಯ್ಯುವಾಗ ಸ್ಟ್ರೆಚರ್ ಮೇಲಿಂದಲೂ ಬರ್ತೀನಿ ಎಂದವಳು. ಅಕ್ಕಿ ತೀರಿತೆಂದು ಹೇಳಲು ಬಾಯಿ ಬಾರದ ಹೆಂಗಸು, ಬಳೆ ಒಡೆಯಿತೆಂದು ಹೇಳದ ಹೆಂಗಸು, ಸೋಮವಾರ ಹೋಗ್ತೀನಿ ಎಂದಳು. ಬಾಯಿ ತಪ್ಪಿ ಬಂತೇನೋ ಎಂದು ನಾನು ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆ ಅದನ್ನೇ ಅಂದಳು. ನನಗೆ ಹೆದರಿಕೆಯಾಗಿದೆ. ಆಕೆಯಿಲ್ಲದ ಈ ಮನೆಯಲ್ಲಿ ನನಗೆ ಬಿಸಿನೀರು ಕಾಯಿಸಿಕೊಳ್ಳಲೂ ಬಾರದು ಎಂಬುದು ಒಂದು ಕಾರಣ. ಆಕೆಯಿಲ್ಲದ ಈ ಮನೆಯಲ್ಲಿ ನನಗೆ ಇರಲು ಬಾರದು ಎಂಬುದು ಇನ್ನೊಂದು.

ಮೇಲ್ಕಂಡ ಎಲ್ಲ ಕಾರಣಗಳಿಂದ, ಆದ್ದರಿಂದ, ಹಾಗೂ ಭಾನುವಾರ ಬೆಳಿಗ್ಗೆಯ ಬಸ್ಸು ಬೇಗ ಬಿಡುವ ಕಾರಣದಿಂದ, ತಾವು ದೊಡ್ಡ ಮನಸ್ಸು ಮಾಡಿ ಈ ಕೆಳಕಂಡಂತೆ ಆದೇಶ ಹೊರಡಿಸಬೇಕಾಗಿ ಕೋರುತ್ತೇನೆ:

(ಅ) ಬರುವ ಶನಿವಾರ ಸಂಜೆ ತಾವು ಮೇಜಿಗೆ ಕೂತು ಕೇಳುವ ಬದಲು ಎದ್ದು ಅಡುಗೆಮನೆಯ ಒಳಗೆ ಹೋಗಿ ಡಬ್ಬಿಗಳ ಮುಚ್ಚಳವನ್ನು ತಾವೇ ತೆಗೆದು ನೋಡತಕ್ಕದ್ದು. ಆಕೆ ಹೊಸ್ತಿಲಲ್ಲಿ ತಡೆದು, ಹೊರಗೆ ಹೋಗವ್ವ, ದಣಿದು ಬಂದೀ ಎಂದು ಗದರಿಸುತ್ತಾಳೆ. ಗದರಿಸಲಿ. ತಾವು ಹೋಗಬೇಕು.

(ಆ) ತಮ್ಮ ಮೂರು ಕಾಲಮ್ಮುಗಳನ್ನು ರದ್ದು ಮಾಡಬೇಕಿಲ್ಲ. ಹೆಚ್ಚು ಎಂಬುದರ ತಲೆಯ ಮೇಲೆ ಕಡಿಮೆ ಎಂದೂ, ಕಡಿಮೆ ಎಂಬುದರ ತಲೆಯ ಮೇಲೆ ಹೆಚ್ಚು ಎಂದೂ ತಿದ್ದಿದರೆ ಆಯಿತು. ನಡುವಿನ 'ಸರಿ' ಎಂಬ ಕಾಲಮ್ಮನ್ನು ತೆಗೆದುಹಾಕಬಹುದು. ಸಾವಿತ್ರಿಬಾಯಿ ಯಾವುದನ್ನೂ ಸರಿ ಎಂದು ಒಪ್ಪಿದ ಉದಾಹರಣೆ ನನ್ನ ಸೇವಾವಧಿಯಲ್ಲಿ ಇಲ್ಲ.

(ಇ) ಮುಂದಿನ ಯುಗಾದಿಯವರೆಗೆ ಹುಣಸೆಹಣ್ಣಿನ ಖರೀದಿಯನ್ನು ಸಂಪೂರ್ಣ ನಿಲ್ಲಿಸತಕ್ಕದ್ದು. ಅರ್ಜಿದಾರನಿಗೆ ಮಂಚದ ಕೆಳಗೆ ಚಪ್ಪಲಿ ಇಡಲು ಜಾಗ ಬೇಕಾಗಿದೆ.

(ಈ) ತಾವು ಬೇಕಂತಲೇ ಮಾಡಲಿಲ್ಲ, ತಮಗೆ ಆ ಮಾತು ಗೊತ್ತಿರಲಿಲ್ಲ ಎಂಬುದನ್ನು ತಾವೇ ಬಾಯಿ ಬಿಟ್ಟು ಹೇಳತಕ್ಕದ್ದು. ನನ್ನನ್ನು ಆಕೆ ನಂಬುವುದಿಲ್ಲ. ತಮ್ಮನ್ನು ನಂಬುತ್ತಾಳೆ. ಬಿಸಿ ರೊಟ್ಟಿಯ ಹಿಟ್ಟು ಆಕೆ ನನಗಾಗಿ ಎಂದೂ ಮುಚ್ಚಿಟ್ಟವಳಲ್ಲ.

(ಉ) ಅದೇ ಶನಿವಾರ ರಾತ್ರಿ ಆಕೆಯನ್ನು ಎಲ್ಲರಿಗಿಂತ ಮೊದಲು ಕೂಡಿಸಿ, ತಾವೇ ಬಡಿಸತಕ್ಕದ್ದು. ಕೂಡುವುದಿಲ್ಲ ಎನ್ನುತ್ತಾಳೆ. ಪೂರ್ವಿಯನ್ನು ಆಕೆಯ ತೊಡೆಯ ಮೇಲೆ ಕೂಡಿಸಿಬಿಟ್ಟರೆ ಏಳಲು ಬರುವುದಿಲ್ಲ. ತಮಗೆ ರೊಟ್ಟಿ ತಟ್ಟಲು ಬರುವುದಿಲ್ಲ ಎಂಬುದು ಕಚೇರಿಗೆ ತಿಳಿದಿದೆ. ಹೇಗೆ ಬಂದರೂ ನಡೆಯುತ್ತದೆ. ಆಕೆ ಸೊಟ್ಟಗಾಗಿದೆ ಎಂದು ಬೈಯುತ್ತ ಉಂಡರೆ ಅರ್ಜಿ ಮಂಜೂರಾಯಿತು ಎಂದು ನಾನು ತಿಳಿಯುತ್ತೇನೆ.

ಈ ಅರ್ಜಿಯ ವಿಷಯ ಸದರಿ ಸಾವಿತ್ರಿಬಾಯಿಗೆ ತಿಳಿಯದಂತೆ ಗೌಪ್ಯವಾಗಿಡಬೇಕು. ತಿಳಿದರೂ ನಾನು ಬಾಯಿ ಬಿಟ್ಟಿಲ್ಲ ಎಂದು ತಾವು ಸಾಕ್ಷಿ ಹೇಳಬೇಕು.

ತಮ್ಮ ವಿಶ್ವಾಸಿಯೂ, ಹೆಂಡತಿಯ ಆಣೆಗೆ ಅಕ್ಷರಶಃ ಬದ್ಧನೂ, ವಾರಕ್ಕೊಮ್ಮೆ ತಮ್ಮ ಚೀಲ ಹೊರುವವನೂ ಆದ,

(ಸಹಿ) ವೈಜನಾಥ
ತಮ್ಮ ಮಾವ

ಅಡಕಗಳು:
೧. ಕಳೆದ ಶನಿವಾರದ ಮುದ್ರಿತ ಪಟ್ಟಿ. ಹುಣಸೆ ಎಂಟು ಕಿಲೋ ಎಂಬಲ್ಲಿ ಕೆಂಪು ಗೆರೆ ಎಳೆದಿದೆ.
೨. ಹುಣಸೆಹಣ್ಣು, ಮಾದರಿಗಾಗಿ ಒಂದು ಉಂಡೆ. ಉಳಿದದ್ದು ಅಟ್ಟದಲ್ಲಿ ಹಾಗೂ ಮಂಚದ ಕೆಳಗೆ ಖುದ್ದು ಪರಿಶೀಲನೆಗೆ ಲಭ್ಯವಿದೆ. ಲ್ಯಾಪ್‌ಟಾಪಿಗೆ ಅಂಟದಂತೆ ಪ್ಲಾಸ್ಟಿಕ್‌ನಲ್ಲಿ ಕಟ್ಟಿದ್ದೇನೆ.
೩. ಬೀದರಿನ ಬಸ್ ಟಿಕೆಟ್, ಒಂದು, ಹೋಗುವುದಕ್ಕೆ ಮಾತ್ರ. ಇದನ್ನು ಆಕೆಯ ಪರ್ಸಿನಿಂದ ತೆಗೆದು ತಮ್ಮ ವಶಕ್ಕೆ ಒಪ್ಪಿಸಿದ್ದೇನೆ. ರದ್ದು ಮಾಡುವ ಅಧಿಕಾರ ತಮ್ಮದು.

ವಿಶೇಷ ಸೂಚನೆ: ತಾವು ಬಡಿಸುವಾಗ ಮೊದಲ ರೊಟ್ಟಿಗೇ ಆಕೆ "ಸಾಕವ್ವ, ಸಾಕು" ಎನ್ನುತ್ತಾಳೆ. ಕೈಯನ್ನೂ ತಾಟಿನ ಮೇಲೆ ಅಡ್ಡ ಹಿಡಿಯುತ್ತಾಳೆ. ಅದನ್ನು ಯಾವ ಕಾಲಮ್ಮಿನಲ್ಲೂ ಬರೆದುಕೊಳ್ಳದೆ, ಆಕೆಯ ಕೈ ಸರಿಸಿ ಇನ್ನೊಂದು ಹಾಕಬೇಕಾಗಿ ವಿನಂತಿ.